ಶಾಂತಾ ಟೀಚರ, ಉಸರ ಬಿಡ್ರಿ

ಲಿಂಬೆಹಣ್ಣು ಕೊಯ್ದಾಗ ನನಗೆ ಈಗಲೂ ಸಿಟ್ಟು ಬರುತ್ತದೆ. ಲಿಂಬೆಯ ಊರಾದ ಇಂಡಿಯಲ್ಲಿ ಸಂಸಾರ ಹೂಡಿಕೊಂಡು ಲಿಂಬೆಹಣ್ಣಿನ ಮೇಲೆ ಸಿಟ್ಟಾಗುವುದೆಂದರೆ ಹೊಳೆ ದಂಡೆಯಲ್ಲಿ ಮನೆ ಕಟ್ಟಿ ನೀರಿನ ಮೇಲೆ ಮುನಿಸಿಕೊಂಡ ಹಾಗೆ. ಇಲ್ಲಿ ಯಾರ ಮನೆಗೆ ಹೋದರೂ ಹೊರಡುವಾಗ ಚೀಲದಲ್ಲಿ ನಾಲ್ಕು ಲಿಂಬೆಹಣ್ಣು ಬಿದ್ದಿರುತ್ತವೆ. ಬೇಡ ಅಂದರೆ ಎಂಟು ಬೀಳುತ್ತವೆ. ಚುರಮುರಿಯ ಸುಸಲಕ್ಕೆ ಹಿಂಡಬೇಕು, ಉಪ್ಪಿನಕಾಯಿಗೆ ಹೆಚ್ಚಬೇಕು, ಹೊಸ ಗಾಡಿಯ ಗಾಲಿಯ ಕೆಳಗೆ ಇಡಬೇಕು. ಪಾಪ, ಹಣ್ಣಿನದೇನೂ ತಪ್ಪಿಲ್ಲ. ತಪ್ಪೆಲ್ಲ ನನ್ನ ಮೂಗಿನದು. ಆ ಹುಳಿವಾಸನೆ ತಾಕಿದ್ದೇ ತಡ, ಮಾರ್ಕೆಟ್ಟಿನ ಹಿಂದಿನ ಲಿಂಬೆಯ ಗೋದಾಮು, ಅದರ ಪಕ್ಕದ ಇಕ್ಕಟ್ಟಾದ ಮೆಟ್ಟಿಲು, ಮೇಲಿನ ಉದ್ದನೆಯ ಕೋಣೆ, ಆ ಕೋಣೆಯ ಕಿಟಕಿ ಎಲ್ಲವೂ ಒಟ್ಟಿಗೆ ನೆನಪಾಗುತ್ತವೆ. ಕಿಟಕಿ ನೆನಪಾದ ಕೂಡಲೇ ಹಲ್ಲು ಹಲ್ಲು ಕಡಿಯತೊಡಗುತ್ತೇನೆ.

ನನ್ನ ಹೆಸರು ಶಾಂತಾ. ನಗಬೇಡಿ, ಈ ಹೆಸರು ಕೇಳಿ ನಗುವವರನ್ನು ನಾನು ಸಾಕಷ್ಟು ನೋಡಿದ್ದೇನೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ವರಾಂಡದ ಆ ತುದಿಯಲ್ಲಿ ನಾನು ಕಾಣಿಸಿಕೊಂಡರೆ ಈ ತುದಿಯ ಹುಡುಗರು ಪುಸ್ತಕ ತೆರೆಯುತ್ತಾರೆ. ಗಾಬರಿಯಲ್ಲಿ ಅದು ಸಮಾಜ ವಿಜ್ಞಾನದ ಪುಸ್ತಕವಾಗಿರುವುದೂ ಉಂಟು. ಸಿಟ್ಟು ನನಗೆ ನಮ್ಮ ಆಯಿಯಿಂದ ಬಂದ ಬಳುವಳಿ. ಅಪ್ಪನ ತಾಯಿ ಅವಳು, ಕೊಲ್ಹಾರದವಳು. ಹಳೆಯ ಕೊಲ್ಹಾರ ಇನ್ನೂ ಅಣೆಕಟ್ಟಿನ ಹಿನ್ನೀರಿನ ಪಾಲಾಗಿರದ ಕಾಲ. ಗಡಿಗೆ ಗಡಿಗೆ ಮೊಸರು ಹೆಪ್ಪು ಹಾಕುವುದು ಅವಳ ಕಸುಬು. "ಸಿಟ್ಟಿನ ಕೈಲೆ ಹೆಪ್ಪ ಹಾಕಿದ್ರ ಮಸರ ಹುಳಿ ಆಗತೈತಿ" ಅನ್ನುತ್ತಿದ್ದಳು. ಆದ್ದರಿಂದ ಸಿಟ್ಟು ಬಂದ ದಿನ ಮೊದಲು ಹಿತ್ತಲಿಗೆ ಹೋಗಿ, ಯಾರ ಮೇಲೆ ಸಿಟ್ಟೋ ಅವರ ಹೆಸರು ಹಿಡಿದು ಬಾಯಿ ತುಂಬ ಬೈದು, ಕೈ ತೊಳೆದುಕೊಂಡು ಬಂದು ಹೆಪ್ಪು ಹಾಕುತ್ತಿದ್ದಳು. ಗಡಿಗೆ ಬೋರಲು ಹಾಕಿದರೂ ಮೊಸರು ಬೀಳುತ್ತಿರಲಿಲ್ಲ. ಬೈಗುಳಕ್ಕೆ ಇಂಥದೊಂದು ಉಪಯೋಗವಿದೆ ಎಂಬುದು ಯಾವ ಡಾಕ್ಟರಿಗೂ ಗೊತ್ತಿಲ್ಲ.

ನನ್ನ ಡಾಕ್ಟರಿಗಂತೂ ಗೊತ್ತೇ ಇಲ್ಲ. ತೋಳಿಗೆ ಪಟ್ಟಿ ಸುತ್ತಿ, ಗಾಳಿ ಹಾಕಿ, ಯಂತ್ರವನ್ನೊಮ್ಮೆ ನನ್ನನ್ನೊಮ್ಮೆ ನೋಡಿ ಅವರು ಹೇಳಿದರು: "ಟೀಚರ, ಸಿಟ್ಟ ಕಡಿಮಿ ಮಾಡ್ರಿ. ಗುಳಿಗಿ ಬರದ ಕೊಡ್ತೇನಿ, ಆದ್ರ ಬರೇ ಗುಳಿಗಿಲೆ ಆಗೂ ಕೆಲಸ ಅಲ್ಲ ಇದು. ಯೋಗಾ ಮಾಡ್ರಿ."

ಮನೆಗೆ ಬಂದು ಹೇಳಿದೆ. ನಮ್ಮವರು ಚಹಾದ ಬಟ್ಟಲಿನಿಂದ ತಲೆ ಎತ್ತಿ, "ಮಾಡು. ಆದ್ರ ಪೂರಾ ಕಡಿಮಿ ಮಾಡ್ಕೋಬ್ಯಾಡ, ಆಮ್ಯಾಲ ನನಗ ಗುರ್ತ ಸಿಗಲಿಕ್ಕಿಲ್ಲ" ಅಂದರು.

ನಮ್ಮವರ ಬಗ್ಗೆ ಇಲ್ಲಿಯೇ ಎರಡು ಮಾತು ಹೇಳಿಬಿಡುತ್ತೇನೆ. ಮುಂದೆ ಹೇಳಲು ಮನಸ್ಸು ಬಾರದೆ ಹೋಗಬಹುದು. ತಂಗಡಗಿ ಕಡೆಯವರು, ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಬಸ್ಸಿನಲ್ಲಿ ಯಾರಾದರೂ ಇವರ ಕಾಲು ತುಳಿದರೆ ಇವರೇ "ತಪ್ಪಾತ್ರಿ" ಅನ್ನುತ್ತಾರೆ. ನಿವೃತ್ತಿಯಾದ ಮೇಲೆ ಮೊಬೈಲು ಹಿಡಿದರು. ಊರಿನ ಹತ್ತಾರು ವಾಟ್ಸಾಪ್ ಗುಂಪುಗಳಲ್ಲಿ ಇದ್ದಾರೆ. ಯಾರು ಏನು ಹಾಕಿದರೂ ಅದರ ಕೆಳಗೆ ಕೈ ಮುಗಿದ ಚಿತ್ರ ಒತ್ತುತ್ತಾರೆ. ಹುಟ್ಟುಹಬ್ಬಕ್ಕೂ ಅದೇ, ಸತ್ತ ಸುದ್ದಿಗೂ ಅದೇ, ನಾಳೆ ಕರೆಂಟು ಇರುವುದಿಲ್ಲ ಎಂಬುದಕ್ಕೂ ಅದೇ. ಯಾರಿಗೂ ಬೇಸರವಾಗಬಾರದು, ಅಷ್ಟೇ.

ಯೋಗದ ತರಗತಿ ನಡೆಸುತ್ತಿದ್ದವಳು ರಜಿಯಾ. ಸಿಂದಗಿಯ ಮಗಳು, ಇಂಡಿಯ ಸೊಸೆ. ಮೂವತ್ತರ ಆಚೀಚೆಯ ವಯಸ್ಸು. ದೈಹಿಕ ಶಿಕ್ಷಣ ಓದಿ, ಮೈಸೂರಿನಲ್ಲಿ ಬಹಳ ದಿನ ಇದ್ದು ಯೋಗ ಕಲಿತು ಬಂದಿದ್ದಳು. ಗಂಡನದು ಪಂಪಸೆಟ್ ರಿಪೇರಿಯ ಅಂಗಡಿ. ಲಿಂಬೆ ಗೋದಾಮಿನ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದು ಬೆಳಗಿನ ಹೊತ್ತು ಹೆಂಗಸರಿಗಾಗಿ ತರಗತಿ ಶುರುಮಾಡಿದ್ದಳು. ಅವಳು ಕಲಿಸುವುದು ವಿನ್ಯಾಸ ಯೋಗ. ಮೊದಲ ದಿನ ಆ ಹೆಸರು ಕೇಳಿ, ಹಿಟ್ಟಿನ ಗಿರಣಿಯ ಗೌರವ್ವ ನನ್ನ ಕಿವಿಯಲ್ಲಿ ಕೇಳಿದ್ದಳು: "ಟೀಚರ, ವಿನ್ಯಾಸ ಅಂದ್ರ ಸೀರಿ ಸೆರಗಿನ್ಯಾಗ ಇರತೈತಲ್ಲ, ಅದ ಅಲ್ಲೇನ್ರಿ?"

ಅದಲ್ಲ. ಒಂದು ಆಸನದಲ್ಲಿ ಕಲ್ಲಿನಂತೆ ಕೂಡುವುದಲ್ಲ ಇದು. ಒಂದರಿಂದ ಇನ್ನೊಂದಕ್ಕೆ ಹರಿಯಬೇಕು, ಹರಿಯುವಾಗ ಉಸಿರಿನ ಜೊತೆ ಹರಿಯಬೇಕು. ಕೈ ಎತ್ತುವಾಗ ಉಸಿರು ಒಳಗೆ, ಬಾಗುವಾಗ ಹೊರಗೆ. ಕಾಲು ಹಿಂದಕ್ಕೆ ಹಾಕಿ ಮೈ ಇಳಿಸುವಾಗ ಹೊರಗೆ, ಎದೆ ಎತ್ತುವಾಗ ಒಳಗೆ. ಆಮೇಲೆ ಸೊಂಟ ಮೇಲೆತ್ತಿ, ನಿದ್ದೆಯಿಂದ ಎದ್ದ ನಾಯಿ ಮೈ ಮುರಿಯುವ ಹಾಗೆ ನಿಲ್ಲುವಾಗ ಮತ್ತೆ ಹೊರಗೆ. "ಮೊದಲ ಉಸರು ಹೋಗಬೇಕ್ರಿ, ಅದರ ಹಿಂದ ಮೈ ಹೋಗಬೇಕು. ಎತ್ತಿನ ಹಿಂದ ಬಂಡಿ ಹೋದಂಗ" ಎಂದು ರಜಿಯಾ ಹೇಳುತ್ತಿದ್ದಳು. ನನ್ನದು ಬಂಡಿ ಮುಂದೆ, ಎತ್ತು ಹಿಂದೆ. ಕೆಲವೊಮ್ಮೆ ಎತ್ತು ಎಲ್ಲಿ ಹೋಯಿತೆಂದೇ ತಿಳಿಯುತ್ತಿರಲಿಲ್ಲ.

"ಶಾಂತಾ ಟೀಚರ, ಉಸರ ಬಿಡ್ರಿ."

"ಬಿಟ್ಟೇನಿ."

"ಇಲ್ರಿ, ಹಿಡಕೊಂಡೀರಿ."

ನೋಡಿಕೊಂಡರೆ ಹೌದು, ಹಿಡಿದುಕೊಂಡಿದ್ದೆ. ವರ್ಷಗಟ್ಟಲೆ ವರ್ಗದ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತು, ಗದ್ದಲ ನಿಂತ ಮೇಲೆ ಬಿಡುವುದು ನನಗೆ ರೂಢಿಯಾಗಿಬಿಟ್ಟಿತ್ತು. ಶಾಲೆಯೊಳಗಿನ ನಾನು ಶಾಲೆಯ ಹೊರಗೂ ಹಾಗೆಯೇ ಇದ್ದೆ. ಇದನ್ನು ನನಗಿಂತ ಇಪ್ಪತ್ತು ವರ್ಷ ಚಿಕ್ಕವಳೊಬ್ಬಳು ಹೇಳಬೇಕಾಯಿತಲ್ಲ ಎಂದು ಸಿಟ್ಟು ಬಂತು. ಸಿಟ್ಟು ಬಂದಾಗ ಉಸಿರು ಮತ್ತೆ ನಿಂತಿತು. ರಜಿಯಾ ನಕ್ಕಳು, ನನಗೂ ನಗು ಬಂತು, ನಗುವಿನಲ್ಲಿ ಉಸಿರು ತಾನಾಗಿ ಹೊರಗೆ ಬಿತ್ತು. ಕೆಳಗಿನಿಂದ ರಾಶಿ ಲಿಂಬೆಯ ವಾಸನೆ ಒಳಗೆ ಬಂತು. ಆ ಬೆಳಗ್ಗೆ ಮೈ ಎಷ್ಟು ಹಗುರಾಗಿತ್ತೆಂದರೆ, ಶಾಲೆಯಲ್ಲಿ ಹೋಂವರ್ಕ್ ಮಾಡದೆ ಬಂದ ಹುಡುಗನೊಬ್ಬ ಬೈಗುಳಕ್ಕೆ ಕಾದು ಕಾದು, ಬೀಳದಿದ್ದಾಗ "ಆರಾಮ ಇಲ್ಲೇನ್ರಿ ಟೀಚರ?" ಎಂದು ಕೇಳಿದ.

ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಿದ್ದವಳು ಸವಿತಾ. ಹೂವಿನ ಹಿಪ್ಪರಗಿಯ ಹುಡುಗಿ, ಇಂಡಿಗೆ ಕೊಟ್ಟಿದ್ದರು. ಶಾಲೆಯಲ್ಲಿದ್ದಾಗ ಖೋ ಖೋ ಆಡಿದವಳು, ಕಪ್ಪು ಗೆದ್ದವಳು. ಮದುವೆಯಾದ ಮೇಲೆ ಅವಳು ಓಡಿದ್ದು ಹಾಲು ಉಕ್ಕಿದಾಗ ಮಾತ್ರವಂತೆ, ಅವಳೇ ಹೇಳಿ ನಕ್ಕಿದ್ದಳು. ಅವಳನ್ನು ತರಗತಿಗೆ ಕಳಿಸಿದ್ದು ಅತ್ತೆ ಮಾವ. ಪ್ರೀತಿಯಿಂದ ಎಂದುಕೊಳ್ಳಬೇಡಿ. ಮದುವೆಯಾಗಿ ವರ್ಷಗಳು ಕಳೆದರೂ ಮಕ್ಕಳಾಗಲಿಲ್ಲ, ಯೋಗ ಮಾಡಿದರೆ ಆದೀತೆಂದು ಯಾರೋ ಹೇಳಿದ್ದರು. ಎಮ್ಮೆಯನ್ನು ದವಾಖಾನೆಗೆ ಹೊಡೆದುಕೊಂಡು ಹೋಗುವವರ ಲೆಕ್ಕ ಅದು. ಆದರೆ ಆ ಕೋಣೆಯೊಳಗೆ ಬಂದು ಓಢಣಿ ತೆಗೆದು ಗೂಟಕ್ಕೆ ಹಾಕಿ, ಒಮ್ಮೆ ಉಸಿರು ಎಳೆದುಕೊಂಡಳೆಂದರೆ ಸವಿತಾ ಯಾರ ಸೊಸೆಯೂ ಆಗಿರುತ್ತಿರಲಿಲ್ಲ. ಅವಳು ಬಾಗಿ ಏಳುವುದನ್ನು ನೋಡುತ್ತ ನಾವು ನಮ್ಮ ಆಸನ ಮರೆಯುತ್ತಿದ್ದೆವು.

ಬೇಸಿಗೆ ಬಂತು. ನಮ್ಮ ಬೇಸಿಗೆ ನಿಮಗೆ ಗೊತ್ತಿದೆ, ಬೆಳಗ್ಗೆ ಎದ್ದಾಗಲೇ ಗೋಡೆ ಬಿಸಿ. ಕಿಟಕಿ ತೆರೆದಿಟ್ಟು ಮಾಡತೊಡಗಿದೆವು. ಕಿಟಕಿಯ ಎದುರಿಗೆ ಬೀದಿ, ಬೀದಿಯ ಆಚೆ ಚನಮಲ್ಲಪ್ಪನ ಕಬ್ಬಿಣ ಸಾಮಾನಿನ ಅಂಗಡಿ, ಅದರ ಮೇಲೆ ಅವನದೇ ಮಾಳಿಗೆ. ಊರಲ್ಲಿ ದೊಡ್ಡ ಮನುಷ್ಯ. ಯಾರ ಸನ್ಮಾನಕ್ಕೂ ಅವನ ಶಾಲು ಬೇಕು, ಯಾವ ವೇದಿಕೆಗೂ ಅವನ ಭಾಷಣ ಬೇಕು.

ಒಂದು ಸಂಜೆ ಗೌರವ್ವ ಹಿಟ್ಟಿನ ಕೈಯಲ್ಲೇ ನಮ್ಮ ಮನೆಗೆ ಬಂದಳು. ಮೊಬೈಲಿನ ಗಾಜಿನ ಮೇಲೂ ಹಿಟ್ಟು. "ಟೀಚರ, ಇದ ನೋಡ್ರಿಲ್ಲೆ" ಅಂದಳು. ನೋಡಿದೆ. ಎದುರು ಮಾಳಿಗೆಯಿಂದ ತೆಗೆದ ವಿಡಿಯೋ. ನಾವೆಲ್ಲ ಸೊಂಟ ಮೇಲೆತ್ತಿ ಬಾಗಿ ನಿಂತಿದ್ದೆವು, ಹಿಂದಿನಿಂದ ಕಾಣುವ ಹಾಗೆ. ಕ್ಯಾಮೆರಾ ಹತ್ತಿರ ಹತ್ತಿರ ಬಂದು ಒಬ್ಬೊಬ್ಬರ ಮೇಲೆ ನಿಲ್ಲುತ್ತಿತ್ತು. ಸವಿತಾಳ ಮೇಲೆ ಬಹಳ ಹೊತ್ತು ನಿಂತಿತ್ತು. ಕೆಳಗೆ ಬರೆದಿತ್ತು: 'ನಮ್ಮೂರ ಹೆಣ್ಣುಮಕ್ಕಳ ಹೊಸ ವಿನ್ಯಾಸ'. ಹಾಕಿದವನು ಚನಮಲ್ಲಪ್ಪ. ಹಾಕಿದ್ದು 'ಊರ ಹಿತೈಷಿಗಳು' ಎಂಬ ಗುಂಪಿನಲ್ಲಿ.

ಕೆಳಗೆ ನಗುವ ಮುಖಗಳು ಸಾಲುಸಾಲಾಗಿದ್ದವು. ಒಬ್ಬ 'ಕಲಿಸುವವಳ ಹೆಸರು ಕೇಳಿದಿರಾ?' ಎಂದು ಬರೆದಿದ್ದ. ಇನ್ನೊಬ್ಬ 'ಮರ್ಯಾದಸ್ಥರ ಮನೆಯವರು ಎಚ್ಚರ' ಅಂದಿದ್ದ. ಬೆರಳಿನಿಂದ ಮೇಲಕ್ಕೆ ಸರಿಸುತ್ತ ಹೋದೆ. ಆ ನಗುವ ಮುಖಗಳ ನಡುವೆ ಒಂದು ಕೈ ಮುಗಿದ ಚಿತ್ರವಿತ್ತು.

ಗೌರವ್ವ ನನ್ನ ಮುಖ ನೋಡದೆ ಗೋಡೆ ನೋಡುತ್ತಿದ್ದಳು. ಅವಳು ಅದನ್ನು ಮೊದಲೇ ಕಂಡಿದ್ದಳು.

ನಮ್ಮವರು ಒಳಗೆ ಖುರ್ಚಿಯಲ್ಲಿ ಕೂತು ವಾರ್ತೆ ನೋಡುತ್ತಿದ್ದರು. ಹೋಗಿ ಮೊಬೈಲನ್ನು ಅವರ ಕಣ್ಣೆದುರು ಹಿಡಿದೆ.

"ಏನಿದು?"

"ಯಾವುದು? ಓ, ಇದಾ. ನಾ ನೋಡಿದ್ದಿಲ್ಲ. ನಿನಗ ಗೊತ್ತೈತಲ್ಲ, ನಾ ಎಲ್ಲಾದಕ್ಕೂ ಹಾಕ್ತೇನಿ."

"ನೋಡಲಾರದ ಕೈ ಮುಗದ್ರಿ?"

"ಹೌದು. ಮತ್ತ, ಅದರಾಗ ನೀನೂ ಇದ್ದಿ ಅಂತ ಗುರ್ತ ಸಿಗಲಿಲ್ಲ."

ಹೇಳಿದ ಮೇಲೆ ಅವರಿಗೇ ತಿಳಿಯಿತು. ನನಗೂ ತಿಳಿಯಿತು. ನೋಡಿದ್ದರು. ಹೆಂಡತಿ ಇದ್ದದ್ದು ಗುರುತು ಸಿಕ್ಕಿರಲಿಲ್ಲ, ಅಷ್ಟೇ. ಹೆಂಡತಿ ಇಲ್ಲದಿದ್ದರೆ ಕೈ ಮುಗಿಯಬಹುದಾಗಿತ್ತು. ನಾನು ಬಾಯಿ ಮಾಡುತ್ತೇನೆಂದು ಅವರು ಕಾದರು. ಜನ್ಮದಲ್ಲಿ ಮೊದಲ ಸಲ ನನ್ನ ಸಿಟ್ಟಿಗೆ ಮಾತು ಸಿಗಲಿಲ್ಲ. ಅಡುಗೆಮನೆಗೆ ಹೋಗಿ ನಿಂತು, ರಜಿಯಾ ಕಲಿಸಿದಂತೆ ಉಸಿರು ಎಳೆದು ಬಿಟ್ಟು ಮಾಡಿದೆ. ಒಲೆಯ ಮೇಲಿನ ಬೇಳೆ ಹೊತ್ತಿತು, ಮತ್ತೇನೂ ಪ್ರಯೋಜನವಾಗಲಿಲ್ಲ. ಸಿಟ್ಟಿಗೆ ಉಸಿರು ಔಷಧ ಎನ್ನುವವರನ್ನು ನಾನು ಕೇಳಬೇಕೆಂದಿದ್ದೇನೆ: ಸಿಟ್ಟು ಬರಬೇಕಾದ್ದೇ ಇದ್ದರೆ ಏನು ಔಷಧ?

ಮರುದಿನ ತರಗತಿಗೆ ಹೋದರೆ ಕೋಣೆಯಲ್ಲಿ ರಜಿಯಾ, ಗೌರವ್ವ, ನಾನು, ಮೂವರೇ. ಗೋದಾಮಿನ ಮಾಲೀಕ ಮೆಟ್ಟಿಲ ಮೇಲೇ ನಿಂತು, ಒಳಗೆ ಬರಲು ನಾಚಿಕೊಂಡವನಂತೆ ಹೇಳಿದ: "ನನ್ನದೇನಿಲ್ಲವ್ವ. ಆದ್ರ ನಾವೂ ಊರಾಗ ಇರಬೇಕಲ್ಲ. ಈ ತಿಂಗಳ ಮುಗಸ್ರಿ, ಬ್ಯಾರೆ ಕಡೆ ನೋಡಕೊಳ್ರಿ." ಗೂಟಕ್ಕೆ ಸವಿತಾ ಮರೆತುಹೋಗಿದ್ದ ಓಢಣಿ ಇತ್ತು. ರಜಿಯಾ ಅದನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡಳು. ಕಿಟಕಿ ಹಾಕಿದಳು. ಆಮೇಲೆ ಗೋಡೆಗೆ ಒರಗಿ, "ಟೀಚರ, ನಮ್ಮ ಮನ್ಯಾಗ ಏನ ಹೇಳ್ಲಿ? ಮೊದಲ ನಮ್ಮ ಮಂದಿನ ಬ್ಯಾಡ ಅಂದಿದ್ರು. ಅತ್ತಿ ಒಬ್ಬಾಕಿನ ನನ್ನ ಬೆನ್ನಿಗಿ ನಿಂತಾಕಿ" ಅಂದಳು. ಅಳಲಿಲ್ಲ. ಅತ್ತಿದ್ದರೆ ನಾನು ಸಮಾಧಾನ ಮಾಡಿ ಮನೆಗೆ ಹೋಗುತ್ತಿದ್ದೆನೇನೋ. ಅಳಲಿಲ್ಲವಾದ್ದರಿಂದ ಸೀದಾ ಬೀದಿ ದಾಟಿ ಚನಮಲ್ಲಪ್ಪನ ಅಂಗಡಿಗೆ ಹೋದೆ.

"ಬರ್ರಿ ತಂಗಿ, ಕುಂದರ್ರಿ. ಚಾ ತರಸ್ಲೇನು?"

"ಚಾ ಬ್ಯಾಡ. ವಿಡಿಯೋ ಯಾಕ ತಗದ್ರಿ?"

"ನೀವು ಕಿಡಕಿ ತಗದಿದ್ರಿ, ಕಂಡ್ತು. ಕಂಡದ್ದ ತಗದ್ರ ತಪ್ಪೇನ್ರಿ? ಕಿಡಕಿ ಮುಚ್ಚಕೋಬೇಕಿತ್ತು ನೀವು."

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಯಾಕೆಂದರೆ ಆ ಮಾತು ಕೇಳಿದ ಕ್ಷಣ ನಾನು ಅಂಗಡಿಯಲ್ಲಿ ಇರಲಿಲ್ಲ, ಹಳೆಯ ಕೊಲ್ಹಾರದ ಹೊಳೆಘಟ್ಟದ ಮೆಟ್ಟಿಲ ಮೇಲಿದ್ದೆ. ನನಗೆ ಈಜು ಕಲಿಸಿದವಳು ನಮ್ಮ ಸೋದರತ್ತೆ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಕೃಷ್ಣೆಗೆ ನೂಕುತ್ತಿದ್ದಳು. ನೀರಿನಲ್ಲಿ ಮುಳುಗುವಾಗ ಉಸಿರು ಬಿಡಬೇಕು, ತಲೆ ಎತ್ತಿದಾಗ ಎಳೆದುಕೊಳ್ಳಬೇಕು. ಯಾರೂ ಅದಕ್ಕೆ ಹೆಸರಿಟ್ಟಿರಲಿಲ್ಲ, ಹೊಳೆಯೇ ಕಲಿಸುತ್ತಿತ್ತು. ಬುರುಡೆ ಬಿಚ್ಚಿ ಮೊದಲ ಸಲ ಒಬ್ಬಳೇ ನಡುನೀರಿಗೆ ಹೋಗಿ ಬಂದ ದಿನ ಆಯಿ ಕೆನೆಮೊಸರು ಬಡಿಸಿದ್ದಳು. ನಾನು ದೊಡ್ಡವಳಾದ ವರ್ಷ ಘಟ್ಟದ ಮೇಲೆ ಕೂತು ಬೀಡಿ ಸೇದುವ ಗಂಡಸರು ಹೆಚ್ಚಾದರು. ಈಜು ಮುಗಿಸಿ ನಾನು ಮೇಲೆ ಬರುವ ಹೊತ್ತಿಗೆ ಅವರ ಮಾತು ನಿಲ್ಲುತ್ತಿತ್ತು. ಒಂದು ದಿನ ಅಪ್ಪ, "ನಾಳಿಯಿಂದ ಹೊಳಿಗೆ ಹೋಗೂದು ಬ್ಯಾಡ" ಅಂದ. ಅಷ್ಟೇ. ನೋಡುವವರಿಗೆ ಯಾರೂ ಏನೂ ಹೇಳಲಿಲ್ಲ, ಈಜುವವಳಿಗೆ ಹೇಳಿದರು. ಬೈಗುಳದಲ್ಲಿ ಹೆಸರಾದ ಆಯಿಯೂ ಅಂದು ಹಿತ್ತಲಿಗೆ ಹೋಗಲಿಲ್ಲ, ತಲೆ ಬಗ್ಗಿಸಿ ಗಡಿಗೆ ತೊಳೆಯುತ್ತ ಕೂತಳು. ಆ ಘಟ್ಟವೂ ಈಗ ನೀರಿನಡಿಯಲ್ಲಿದೆ. ಮುಳುಗಿದ್ದಕ್ಕೆ ಊರವರೆಲ್ಲ ಅತ್ತರು. ನಾನು ಮಾತ್ರ ಆ ಮೆಟ್ಟಿಲಿಗಾಗಿ ಅಳಲಿಲ್ಲ.

ಚನಮಲ್ಲಪ್ಪನ ಅಂಗಡಿಗೆ ವಾಪಸು ಬರೋಣ.

"ನಾವು ಕಿಡಕಿ ಮುಚ್ಚಕೋಬೇಕಿತ್ತಲ್ಲ? ನೀವು ಕಣ್ಣ ಮುಚ್ಚಕೋಬೇಕಿತ್ತು" ಅಂದೆ. ಮೊಳೆ ತೂಗಿಸಿಕೊಳ್ಳುತ್ತಿದ್ದ ಇಬ್ಬರು ತಿರುಗಿ ನೋಡಿದರು.

"ಸಿಟ್ಟಿಗೇಳಬ್ಯಾಡ್ರಿ ತಂಗಿ. ಯೋಗಾ ಅಂದ್ರ ನಮ್ಮ ಹಿರಿಯಾರು ಕೊಟ್ಟದ್ದು. ಅದಕ್ಕೊಂದು ಮರ್ಯಾದಿ ಐತಿ. ಕಲಸಾಕಿ ಯಾರು, ಏನು, ಅದೂ ನೋಡಬೇಕಲ್ಲ."

"ನನ್ನ ಮೊಣಕಾಲಿಗೆ ಗೊತ್ತಿಲ್ರಿ ಅಕಿ ಯಾರು, ಏನು ಅಂತ. ಅಕಿ ಹೇಳಿದ್ರ ಬಾಗತೈತಿ. ನೀವು ಭಾಷಣ ಮಾಡಿದ್ರ ಬಾಗೂದಿಲ್ಲ. ವಿಡಿಯೋ ಅಳಸ್ರಿ."

"ಎಲ್ಲಾರೂ ನೋಡ್ಯಾರ, ಈಗ ಅಳಸಿ ಏನ ಮಾಡೂದು?"

ಆಮೇಲೆ ನಾನು ಏನು ಹೇಳಿದೆನೋ ಪೂರ್ತಿ ನೆನಪಿಲ್ಲ. ಆಯಿಯ ಹಿತ್ತಲು ಅಲ್ಲಿಗೇ ಬಂದಿತ್ತು. ಎದುರಿನ ಅಂಗಡಿಯವರು ಹೊರಗೆ ಬಂದರು, ಸೈಕಲ್ಲಿನವರು ಸೈಕಲ್ಲು ನಿಲ್ಲಿಸಿದರು. ನನ್ನ ಹಳೆಯ ವಿದ್ಯಾರ್ಥಿಗಳಿಬ್ಬರು ಅಭ್ಯಾಸಬಲದಿಂದ ಕೈ ಕಟ್ಟಿ ನಿಂತಿದ್ದರಂತೆ. ಚನಮಲ್ಲಪ್ಪ ಮಾತ್ರ ತಕ್ಕಡಿ ಒರೆಸುತ್ತಲೇ ಇದ್ದ. ಕೊನೆಗೆ, "ಬಿ.ಪಿ. ಐತಿ ಅಂತಲ್ರಿ ನಿಮಗ, ಜ್ವಾಕಿ" ಅಂದ. ನಾನು ಸೋತು ಮನೆಗೆ ಬಂದೆ. ಹೌದು, ಸೋತು. ಅಷ್ಟು ಕೂಗಿದರೂ ವಿಡಿಯೋ ಇದ್ದಲ್ಲೇ ಇತ್ತು.

ಸಂಜೆ ಗೌರವ್ವ ಓಡುತ್ತ ಬಂದು ಹೇಳಿದ ಮೇಲೆ ನನಗೆ ಗೊತ್ತಾಯಿತು. ಮಧ್ಯಾಹ್ನ ನಮ್ಮವರು ಒಬ್ಬರೇ ಆ ಅಂಗಡಿಗೆ ಹೋಗಿದ್ದರಂತೆ. ಕೂಡಲಿಲ್ಲ, ಚಹಾ ಕುಡಿಯಲಿಲ್ಲ. ಗಲ್ಲಾಪೆಟ್ಟಿಗೆಯ ಎದುರು ನಿಂತು, "ಅದರಾಗ ನನ್ನ ಹೇಂತಿ ಅದಾಳ. ಅಳಸ್ರಿ" ಅಂದರಂತೆ. ಚನಮಲ್ಲಪ್ಪ ನಗುತ್ತ ಏನೇನೋ ಸಮಾಧಾನ ಹೇಳಿದ. ಇವರು ಮತ್ತೆ ಅದನ್ನೇ ಅಂದರು. ಗಿರಾಕಿ ಬಂದರು, ಹೋದರು, ಇವರು ಅಲ್ಲಿಂದ ಸರಿಯಲಿಲ್ಲ. ಜಗಳವಾಡುವವರನ್ನು ಹೇಗೆ ಕಳಿಸಬೇಕೆಂದು ಚನಮಲ್ಲಪ್ಪನಿಗೆ ಗೊತ್ತಿತ್ತು. ಸುಮ್ಮನೆ ನಿಂತವರನ್ನು ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಕೊನೆಗೆ ಬೇಸತ್ತು ಅಳಿಸಿದನಂತೆ. ಇವರು ಅಲ್ಲೇ ತಮ್ಮ ಮೊಬೈಲು ತೆಗೆದು, ಕನ್ನಡಕ ಸರಿಮಾಡಿಕೊಂಡು, 'ಅದರಲ್ಲಿ ಇದ್ದವರು ನಮ್ಮ ಮನೆಯವರು. ನಾನು ಕೈ ಮುಗಿದದ್ದು ತಪ್ಪು' ಎಂದು ಬರೆದು ಗುಂಪಿನಿಂದ ಹೊರಬಂದರಂತೆ.

ಕೇಳಿ ನನ್ನ ಕಣ್ಣು ತುಂಬಿ ಬಂತೆಂದು ಬರೆದರೆ ನಿಮಗೆ ಹಿತವಾಗುತ್ತದೆ. ಬರಲಿಲ್ಲ. ನನ್ನ ಹೆಂಡತಿ ಅದರಲ್ಲಿ ಇದ್ದಾಳೆ ಎಂದರು, ಸರಿ. ರಜಿಯಾ ಇದ್ದಳು, ಸವಿತಾ ಇದ್ದಳು, ಗೌರವ್ವ ಇದ್ದಳು. ಅವರಿಗಾಗಿ ಯಾರು ನಿಲ್ಲಬೇಕು? ಅದನ್ನು ನಮ್ಮವರಿಗೆ ಹೇಳಿಯೂ ಹೇಳಿದೆ. ಅವರು, "ಹೌದು, ಅದು ನನಗ ಅಲ್ಲೇ ತಿಳೀಬೇಕಿತ್ತು" ಅಂದರು. ಆ ರಾತ್ರಿ ಊಟಕ್ಕೆ ಇಬ್ಬರೂ ಕೂತೆವು, ಅಷ್ಟರ ಮಟ್ಟಿಗೆ ರಾಜಿ. ವಿಡಿಯೋ ಅಂತೂ ಹಾರಿಹೋದ ಹೊಟ್ಟು, ಅಳಿಸುವ ಮೊದಲೇ ಊರೂರು ಮುಟ್ಟಿತ್ತು. ಮುದ್ದೇಬಿಹಾಳಕ್ಕೆ ವರ್ಗವಾಗಿ ಹೋದ ನನ್ನ ಹಳೆಯ ಸಹೋದ್ಯೋಗಿ ಫೋನು ಮಾಡಿ, "ಅಲ್ಲಿ ನೀವ ಏನ್ರಿ?" ಅಂದಳು. ಬಾಗೇವಾಡಿಯ ನನ್ನ ನಾದಿನಿ ಕೇಳಲಿಲ್ಲ, ಆದರೆ ನೋಡಿದ್ದಾಳೆಂದು ಅವಳ ಮೌನದಲ್ಲೇ ಗೊತ್ತಾಯಿತು.

ತಿಂಗಳ ಕೊನೆಗೆ ಕೋಣೆ ಬಿಟ್ಟೆವು. ಚಾಪೆಗಳನ್ನು ಸುತ್ತಿ ಕೆಳಗೆ ತರುವಾಗ ರಜಿಯಾಳ ಅತ್ತೆ ಮಹಬೂಬಿ ತಾನೇ ಆಟೋ ಕರೆದುಕೊಂಡು ಬಂದಿದ್ದಳು. ಎತ್ತರದ ಹೆಂಗಸು, ಎಲೆ ಅಡಿಕೆ ತುಂಬಿದ ಬಾಯಿ. "ನನ್ನ ಅಂಗಳ ಐತಿ. ಸುತ್ತ ಗ್ವಾಡಿ ಐತಿ. ನಾಳಿಯಿಂದ ಅಲ್ಲೇ ಹಾಸ್ರಿ ಚಾಪಿ. ಗ್ವಾಡಿ ಹತ್ತಿ ಇಣುಕಾಂವ ಇಣುಕ್ಲಿ, ಕೆಳಗ ನಾ ಕುಂತಿರ್ತೇನಿ" ಅಂದಳು. ಹಾಗೆಯೇ ಕೂತಳು. ಬಾಗಿಲ ಬಳಿ ಖುರ್ಚಿ ಹಾಕಿಕೊಂಡು, ಕೈಯಲ್ಲಿ ಅಡಕತ್ತರಿ ಹಿಡಿದು. ನಿಧಾನವಾಗಿ ಒಬ್ಬೊಬ್ಬರೇ ಮರಳಿ ಬಂದರು. ಬಾರದವಳು ಸವಿತಾ.

ಅವಳು ಸಿಕ್ಕಿದ್ದು ಮಳೆಗಾಲ ಶುರುವಾದ ಮೇಲೆ, ಮಂಗಳವಾರದ ಸಂತೆಯಲ್ಲಿ. ಮೆಂತ್ಯ ಪಲ್ಲೆ ಆರಿಸುತ್ತಿದ್ದಳು. ತಲೆಯ ಮೇಲೆ ಸೆರಗಿತ್ತು. ನನ್ನನ್ನು ಕಂಡು ಮೊದಲು ಆಚೀಚೆ ನೋಡಿದಳು.

"ಹೆಂಗದೀ ಸವಿತಾ?"

"ಹಿಂಗ ಅದೀನ್ರಿ ಟೀಚರ. ಆವತ್ತಿಂದ ಹೊರಗ ಬಿಟ್ಟಿದ್ದಿಲ್ಲ. ಇವತ್ತ ಅತ್ತಿ ಮೊಣಕಾಲ ಹಿಡದಾವು, ಅದಕ್ಕ ಸಂತಿಗಿ ನಾ ಬಂದೇನಿ."

"ಮನ್ಯಾಗ ಏನಾರ ಮಾಡ್ತೀ?"

ಅವಳು ಪಲ್ಲೆಯ ಸಿವುಡು ಕೆಳಗಿಟ್ಟು ಮೆಲ್ಲಗೆ ಹೇಳಿದಳು: "ಉಸರಷ್ಟ ಮಾಡ್ತೇನ್ರಿ. ರೊಟ್ಟಿ ಬಡಿಯುಮುಂದ. ಒಳಗ, ಹೊರಗ, ಒಳಗ, ಹೊರಗ. ಅದು ಯಾರಿಗೂ ಕಾಣೂದಿಲ್ಲಲ್ರಿ."

ಇದನ್ನು ಹೇಳಿದಾಗಲೆಲ್ಲ ಕೇಳಿದವರು "ಎಷ್ಟು ಚೆಂದ" ಅನ್ನುತ್ತಾರೆ. ನನಗೆ ಚೆಂದ ಕಾಣಲಿಲ್ಲ. ಖೋ ಖೋದಲ್ಲಿ ಕಪ್ಪು ಗೆದ್ದ ಹುಡುಗಿ ಕಳ್ಳತನದಲ್ಲಿ ಉಸಿರಾಡಬೇಕೇ? ಸಂತೆಯ ಚೀಲವನ್ನು ಅವಳ ಕೈಯಿಂದ ಕಸಿದುಕೊಂಡೆ. "ನಡಿ, ನಿಮ್ಮ ಮನಿಗಿ" ಅಂದೆ. ಬೇಡ ಟೀಚರ, ಬೇಡ ಟೀಚರ ಅನ್ನುತ್ತಲೇ ಅವಳು ಹಿಂದೆ ಬಂದಳು. ದಾರಿಯುದ್ದಕ್ಕೂ ಅವಳ ಅತ್ತೆಗೆ ಏನೇನು ಅನ್ನಬೇಕೆಂದು ಜೋಡಿಸಿಕೊಂಡೆ. 'ನೀವೂ ಹೆಣ್ಣಲ್ಲೇನು' ಎಂದು ಶುರುಮಾಡಿ, ಎಲ್ಲಿಗೆ ಮುಟ್ಟಿಸಬೇಕು ಎಂಬುದೂ ತಯಾರಾಗಿತ್ತು.

ಬಾಗಿಲು ತೆರೆದವಳು ಅತ್ತೆ ಭಾಗವ್ವ. ತೆರೆಯಲು ಬಹಳ ಹೊತ್ತು ಹಿಡಿಯಿತು. ಗೋಡೆ ಹಿಡಿದು ಹೆಜ್ಜೆ ಹೆಜ್ಜೆಗೂ ಮುಖ ಕಿವುಚುತ್ತ ಬಂದಿದ್ದಳು. ನನ್ನನ್ನು ನೋಡಿದವಳೇ, "ಸೊಸಿನ್ನ ಕಳಸೂದಿಲ್ರಿ ಟೀಚರ, ಹೇಳಿಬಿಡ್ತೇನಿ" ಅಂದಳು.

ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲಿ ಹೋಯಿತೋ. ಬಾಯಿಂದ ಬಂದದ್ದು ಬೇರೆ. "ಸೊಸಿನ್ನ ಕೇಳಾಕ ಬಂದಿಲ್ರಿ. ನಿಮ್ಮನ್ನ ಕರಿಯಾಕ ಬಂದೇನಿ."

"ನನ್ನನ್ನ?"

"ಈ ಮೊಣಕಾಲ ಇಟಗೊಂಡ ಎಷ್ಟ ದಿನಾ ಗ್ವಾಡಿ ಹಿಡಕೊಂಡ ಅಡ್ಡಾಡತೀರಿ? ಖುರ್ಚಿ ಮ್ಯಾಲ ಕುಂತು ಮಾಡೂದೂ ಐತಿ. ಬರ್ರಿ."

ಭಾಗವ್ವ ನನ್ನನ್ನು ನೋಡಿದಳು, ಹಿಂದೆ ನಿಂತ ಸವಿತಾಳನ್ನು ನೋಡಿದಳು. ಆಮೇಲೆ ದನಿ ತಗ್ಗಿಸಿ, ಪಡಸಾಲೆಯ ಕಡೆ ಕಣ್ಣು ತೋರಿಸಿ ಕೇಳಿದಳು: "ನನ್ನನ್ನ ಯಾರ ಬಿಡ್ತಾರವ್ವ?"

ಪಡಸಾಲೆಯಲ್ಲಿ ಅವಳ ಗಂಡ ಪೇಪರು ಓದುತ್ತಿದ್ದ. ಇಷ್ಟು ದಿನ ನಾನು ಹಲ್ಲು ಕಡಿದದ್ದು ಯಾರ ಮೇಲೆ ಎಂದು ಒಂದು ಕ್ಷಣ ಗೊಂದಲವಾಯಿತು. ಆದರೆ ಒಂದೇ ಕ್ಷಣ. ಒಳಗೆ ಹೋಗಿ ಅವನೆದುರು ಕೂತೆ. ಮೊಣಕಾಲಿನ ವಿಷಯ ಹೇಳಿದೆ. ಅವನು ಪೇಪರಿನಿಂದ ಕಣ್ಣು ತೆಗೆಯದೆ, "ಡಾಕ್ಟರ ಹೇಳ್ಯಾರೇನು?" ಅಂದ. "ಹೇಳ್ಯಾರ" ಅಂದೆ. ಯಾವ ಡಾಕ್ಟರು, ಯಾರಿಗೆ ಹೇಳಿದರು ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. "ಬ್ಯಾನಿಗಾದ್ರ ಹೋಗ್ಲಿ" ಎಂದು ಪುಟ ತಿರುವಿದ. ಸೊಸೆಯ ಮಾತೆತ್ತಿದೆ. "ಅದು ಬ್ಯಾಡ" ಅಂದ. ಮತ್ತೆ ಎತ್ತಿದೆ. ಪೇಪರು ಮಡಚಿ ಎದ್ದುಹೋದ.

ಈಗ ಭಾಗವ್ವ ದಿನವೂ ಬರುತ್ತಾಳೆ. ಮಹಬೂಬಿಯ ಪಕ್ಕ ಇನ್ನೊಂದು ಖುರ್ಚಿ. ಕೈ ಎತ್ತುವಾಗ ಒಳಗೆ, ಇಳಿಸುವಾಗ ಹೊರಗೆ. ಮೊಣಕಾಲು ಹಿಡಿಯುವುದು ಎಷ್ಟೋ ಕಡಿಮೆಯಾಗಿದೆ, ಬರುವಾಗ ಗೋಡೆ ಹಿಡಿಯುವುದಿಲ್ಲ. ಮಹಬೂಬಿಯ ಜೊತೆ ಎಲೆ ಅಡಿಕೆಯ ಸ್ನೇಹವೂ ಆಗಿದೆ. ಮೊನ್ನೆ ಎಲ್ಲ ಮುಗಿಸಿ ನಾವು ಕಣ್ಣು ಮುಚ್ಚಿ ಮಲಗಿದ್ದಾಗ, ಭಾಗವ್ವನೂ ಖುರ್ಚಿಯಲ್ಲೇ ಕಣ್ಣು ಮುಚ್ಚಿಕೊಂಡು ತನ್ನಷ್ಟಕ್ಕೆ ಅಂದಳು: "ಎಷ್ಟ ಹಗರ ಆಗತೈತಿ ಜೀವಕ್ಕ. ಪಾಪ, ಸವಿತಾನೂ ಬಂದಿದ್ರ ಚಲೋ ಇತ್ತು."

ನಾನು ಎದ್ದು ಕೂತೆ. "ಕರಕೊಂಡ ಬರ್ರಿ ಮತ್ತ."

"ಹೆಂಗ ತರ್ಲಿ ಟೀಚರ? ನಾ ಇಲ್ಲಿ ಬಂದಿರ್ತೇನಲ್ಲ, ಈ ಹೊತ್ತಿನ್ಯಾಗ ರೊಟ್ಟಿ ಅಕಿನ ಬಡೀಬೇಕು. ಮೊದಲಾದ್ರ ನಾ ಬಡೀತಿದ್ದೆ."

ಉಸಿರು ನಿಂತಿತು. ರಜಿಯಾ ನನ್ನ ಕಡೆ ನೋಡಿ ಬಾಯಿ ತೆರೆಯುವಷ್ಟರಲ್ಲಿ ನಾನೇ ಅಂದೆ: "ಮನ್ಯಾಗ ಪೇಪರ ಓದಕೋತ ಕುಂತಿರ್ತಾರಲ್ಲ ನಿಮ್ಮ ಯಜಮಾನ್ರು, ಅವರ ಬಡೀಲಿ ರೊಟ್ಟಿ!"

ಮಹಬೂಬಿ ಎಲೆ ಅಡಿಕೆ ನೆತ್ತಿಗೇರುವಂತೆ ನಕ್ಕಳು. ಗೌರವ್ವ ಚಾಪೆಯ ಮೇಲೆ ಹೊರಳಾಡಿ ನಕ್ಕಳು. ಭಾಗವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ, "ಅಯ್ಯ, ಏನ ಚ್ಯಾಷ್ಟಿ ಮಾಡ್ತೀರಿ ಟೀಚರ" ಅಂದಳು.

ನಾನು ಚೇಷ್ಟೆಗೆ ಹೇಳಿರಲಿಲ್ಲ.